ಸ್ಪೋಕಿನ ಅಳತೆ: ಹಳೆಯ ರೇಸ್ ಕಾರುಗಳ ಕಿರುಮಾದರಿ ನಿರ್ಮಾಣ ಬೆಳೆದು ಬಂದ ಬಗೆ

ಮೂಲ ವಾಹನದ ಎಲ್ಲ ಅಳತೆಗಳನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿ ಕಟ್ಟಿದ ಪ್ರತಿರೂಪಕ್ಕೆ ಕಿರುಮಾದರಿ ಅಥವಾ ಸ್ಕೇಲ್ ಮಾಡೆಲ್ ಎಂದು ಹೆಸರು; 1:24 ಎಂದರೆ ಮೂಲದ 24 ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರಾಗುತ್ತದೆ ಎಂದರ್ಥ. ಈ ಹವ್ಯಾಸದೊಳಗೆ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮತ್ತು ಅದರ ಆಸುಪಾಸಿನ ರೇಸ್ ಕಾರುಗಳದ್ದೇ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದದ್ದು ಆಕಸ್ಮಿಕವಲ್ಲ. ರಸ್ತೆಯ ಕಾರಿನಲ್ಲಿ ಯಂತ್ರಭಾಗಗಳು ಹೊದಿಕೆಯೊಳಗೆ ಅಡಗಿರುತ್ತವೆ. ಆದರೆ ಆ ಕಾಲದ ರೇಸ್ ಕಾರಿನಲ್ಲಿ ಮುಂದಿನ ಅಚ್ಚು, ಪಟ್ಟಿ ಸ್ಪ್ರಿಂಗುಗಳು, ಬ್ರೇಕಿನ ಕೇಬಲ್ಲು, ಹೊಗೆಕೊಳವೆ, ಬಾನೆಟ್ಟನ್ನು ಬಿಗಿದ ಚರ್ಮದ ಪಟ್ಟಿ, ತಂತಿ ಸ್ಪೋಕುಗಳ ಗಾಲಿ ಎಲ್ಲವೂ ಬಯಲಲ್ಲೇ ಇರುವುದರಿಂದ ಮಾದರಿಗಾರನಿಗೆ ಮರೆಮಾಚಲು ಜಾಗವೇ ಉಳಿಯುವುದಿಲ್ಲ. ಅದರ ಮೇಲೆ, ಒಂದೇ ಕಾರು ಒಂದು ರೇಸಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸಂಖ್ಯೆ, ಕನ್ನಡಿ, ಗಾಳಿಕಿಂಡಿ, ಕೆಲವೊಮ್ಮೆ ಬಣ್ಣವನ್ನೂ ಬದಲಿಸಿಕೊಂಡಿರುತ್ತದೆ. ಹೀಗಾಗಿ ಸುಮಾರು ನೂರು ವರ್ಷಗಳ ಈ ಕಲೆಯ ಬೆಳವಣಿಗೆಯಲ್ಲಿ ತಗಡು, ಸತು, ಪ್ಲಾಸ್ಟಿಕ್, ಹಿತ್ತಾಳೆ ಎಂಬ ವಸ್ತುಗಳ ಸರದಿಗಿಂತ ಮುಖ್ಯವಾದದ್ದು ಮಾದರಿಗಾರ ತನಗೆ ತಾನೇ ಹಾಕಿಕೊಂಡ ಪ್ರಶ್ನೆ. ‘ಇದು ಆ ಕಾರಿನಂತೆ ಕಾಣುತ್ತದೆಯೇ’ ಎಂದು ಆರಂಭವಾದದ್ದು ಕ್ರಮೇಣ ‘ಇದು ಯಾವ ರೇಸಿನ, ಯಾವ ದಿನದ ಕಾರು’ ಎಂಬಲ್ಲಿಗೆ ಬಂದು ನಿಂತಿದೆ.

ಆರಂಭದ ಘಟ್ಟ ಆಟಿಕೆಯದು. ಆಲ್ಫಾ ರೋಮಿಯೋ ಕಂಪನಿಯ ಪಿ2 ಕಾರು 1925ರಲ್ಲಿ ಗ್ರ್ಯಾನ್ ಪ್ರೀ ರೇಸುಗಳ ಮೊದಲ ವಿಶ್ವ ಪ್ರಶಸ್ತಿಯನ್ನು ಗೆದ್ದ ಬೆನ್ನಿಗೇ ಫ್ರಾನ್ಸಿನ ಸಿ.ಐ.ಜೆ. ಎಂಬ ಆಟಿಕೆ ಕಂಪನಿ ಅದರ ತಗಡಿನ ಪ್ರತಿರೂಪವನ್ನು ಮಾರುಕಟ್ಟೆಗೆ ತಂದಿತು. ಅರ್ಧ ಮೀಟರಿಗೂ ತುಸು ಉದ್ದವಿದ್ದ, ಕೀಲಿ ಕೊಟ್ಟರೆ ಓಡುತ್ತಿದ್ದ ಈ ಕಾರು ಮಕ್ಕಳಿಗಾಗಿಯೇ ತಯಾರಾದದ್ದಾದರೂ ಅದರ ಮೈಕಟ್ಟಿನಲ್ಲಿ, ಮೊನಚಾದ ಹಿಂಬಾಲದಲ್ಲಿ ಮೂಲದ ಸ್ವಭಾವ ಎಷ್ಟು ಚೆನ್ನಾಗಿ ಇಳಿದಿತ್ತೆಂದರೆ ಇಂದು ಅದು ಸಂಗ್ರಾಹಕರ ಬಲು ಬೇಡಿಕೆಯ ವಸ್ತುವಾಗಿದೆ. ಕಣ್ಣಿಗೆ ಆದ ಅನಿಸಿಕೆಯನ್ನು ಹಿಡಿದುಕೊಡುವುದರಲ್ಲಿ ತಗಡು ಪಳಗಿದ ಮಾಧ್ಯಮವಾಗಿತ್ತು. ವಿವರ ಅದರ ಕೈಗೆ ಎಟುಕುವಂಥದ್ದಲ್ಲ.

1930ರ ದಶಕದಲ್ಲಿ ಒತ್ತಡದ ಎರಕ ತಗಡಿನ ಜಾಗಕ್ಕೆ ಬಂತು. ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸುವ ಈ ವಿಧಾನವನ್ನು ಲಿವರ್‌ಪೂಲಿನ ಮೆಕಾನೊ ಕಂಪನಿ ತನ್ನ ಡಿಂಕಿ ಆಟಿಕೆಗಳಲ್ಲಿ ಬಳಸಿ ಜನಪ್ರಿಯಗೊಳಿಸಿತು. ಇಂದು ಪ್ರಮಾಣವೆಂದು ಒಪ್ಪಿಕೊಂಡಿರುವ 1:43 ಎಂಬ ವಿಚಿತ್ರ ಅನುಪಾತದ ಮೂಲವೂ ಇಲ್ಲಿಯದೇ, ಏಕೆಂದರೆ ಡಿಂಕಿ ಕಾರುಗಳು ಮೊದಲು ಹುಟ್ಟಿದ್ದು ಆಟದ ರೈಲಿನ ಪಕ್ಕದಲ್ಲಿ ಇಡಲಿಕ್ಕಾಗಿ, ಮತ್ತು ಆ ರೈಲುಗಳು ಒಂದು ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿದ್ದವು. ಆ ಕಾಲದ ಎರಕಗಳಲ್ಲಿ ಅನೇಕವು ಸತುವಿಗೆ ಬೆರೆತ ಸೀಸದಂಥ ಕಲ್ಮಶಗಳಿಂದಾಗಿ ವರ್ಷಗಳು ಕಳೆದಂತೆ ಒಳಗಿನಿಂದಲೇ ಬಿರುಕುಬಿಟ್ಟು ಪುಡಿಯಾದವು. ಯುದ್ಧಪೂರ್ವದ ರೇಸ್ ಕಾರುಗಳ ಎರಕದ ಮಾದರಿಗಳು ಸುಸ್ಥಿತಿಯಲ್ಲಿ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. ಡಿಂಕಿಯ ಕೆಲವು ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಬಂದು, ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಭಾರತದಲ್ಲೇ ಎರಕಗೊಂಡವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಡಿಂಕಿಯ ರೇಸ್ ಕಾರುಗಳು ತಮ್ಮ ಕಾಲದ ಕಾರುಗಳಾಗಿದ್ದವು. ಅವುಗಳಿಗೆ ಹಳತೆಂಬ ಭಾವ ಇರಲಿಲ್ಲ. ಆ ಭಾವ ಮೊದಲು ಸ್ಪಷ್ಟವಾಗಿ ಕಾಣಿಸುವುದು ಲಂಡನ್ನಿನ ಲೆಸ್ನಿ ಕಂಪನಿ 1956ರಲ್ಲಿ ಆರಂಭಿಸಿದ ‘ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್’ ಸರಣಿಯಲ್ಲಿ. 1929ರ ಲೆ ಮಾನ್ಸ್ ಬೆಂಟ್ಲಿ, 1908ರ ಗ್ರ್ಯಾನ್ ಪ್ರೀ ಮರ್ಸಿಡಿಸ್, ಬುಗಾಟಿ ಟೈಪ್ 35 ಇವೆಲ್ಲ ಅಂಗೈಯಲ್ಲಿ ಹಿಡಿಯುವ ಗಾತ್ರದಲ್ಲಿ ಬಂದಾಗ ಕೊಂಡವರಲ್ಲಿ ದೊಡ್ಡವರೂ ಇದ್ದರು. ಆದರೆ ಈ ಮಾದರಿಗಳ ಗಾಲಿಗಳನ್ನು ನೋಡಿದರೆ ಆ ತಂತ್ರದ ಮಿತಿ ಕೂಡಲೇ ತಿಳಿಯುತ್ತದೆ.

ಈ ಗಾಲಿಯ ವಿಷಯದಲ್ಲಿ ತುಸು ಲೆಕ್ಕ ಅಗತ್ಯ. ಯುದ್ಧಪೂರ್ವದ ರೇಸ್ ಕಾರಿನ ತಂತಿ ಸ್ಪೋಕಿನ ದಪ್ಪ ಸುಮಾರು 4 ಮಿಲಿಮೀಟರು ಎಂದು ಹಿಡಿದರೆ ಅದು 1:8ರಲ್ಲಿ ಅರ್ಧ ಮಿಲಿಮೀಟರು, 1:12ರಲ್ಲಿ 0.33, 1:24ರಲ್ಲಿ 0.17, 1:43ರಲ್ಲಿ 0.09 ಮಿಲಿಮೀಟರು ಆಗುತ್ತದೆ. ಕೊನೆಯದು ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಕರಗಿದ ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ಇಷ್ಟು ಕಿರಿದಾದ ನಾಲೆಯಲ್ಲಿ ಹರಿದು ಮುಟ್ಟುವ ಮೊದಲೇ ತಣ್ಣಗಾಗಿ ಗಟ್ಟಿಯಾಗುವುದರಿಂದ ಅಚ್ಚು ಮಾಡುವವರು ಸ್ಪೋಕನ್ನು ಮೂರು ನಾಲ್ಕು ಪಟ್ಟು ದಪ್ಪಗೊಳಿಸಿದರು. ದಪ್ಪವಾದಾಗ ಎಲ್ಲಕ್ಕೂ ಜಾಗ ಸಾಲದೆ ಅವುಗಳ ಸಂಖ್ಯೆಯನ್ನು ಇಳಿಸಿದರು. ಸಂಖ್ಯೆ ಇಳಿದಾಗ ಒಂದರ ಮೇಲೊಂದು ಹಾಯ್ದುಹೋಗುವ ಸ್ಪೋಕುಗಳ ಹೆಣಿಗೆ ಮಾಯವಾಗಿ ರೇಸ್ ಕಾರಿಗೆ ಎತ್ತಿನ ಗಾಡಿಯ ಚಕ್ರ ಬಂತು. ಮುಂದಿನ ದಶಕಗಳ ತಾಂತ್ರಿಕ ಪ್ರಗತಿಯ ಬಹುಪಾಲನ್ನು ಈ ಒಂದು ತೊಡಕಿಗೆ ಸಿಕ್ಕ ಉತ್ತರಗಳ ಸಾಲಾಗಿ ಓದಬಹುದು. ಎಂಟು ಚಪ್ಪಟೆ ಕಡ್ಡಿಗಳ ಅಲ್ಯುಮಿನಿಯಂ ಎರಕದ ಗಾಲಿಯಿದ್ದ ಬುಗಾಟಿ ಟೈಪ್ 35 ಮಾದರಿ ತಯಾರಕರಿಗೆ ಮತ್ತೆ ಮತ್ತೆ ಪ್ರಿಯವಾದದ್ದರ ಹಿಂದೆ ಕಾರಿನ ಚೆಲುವಿನ ಜತೆಗೆ ಈ ಅನುಕೂಲವೂ ಇದ್ದಿರಬೇಕು.

ಪ್ಲಾಸ್ಟಿಕ್ ಬಂದಾಗ ಬದಲಾದದ್ದು ಗಾಲಿಗಿಂತ ಮೊದಲು ಕೊಳ್ಳುವವನ ಪಾತ್ರ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ಲಾಸ್ಟಿಕ್ ಕಿಟ್ಟುಗಳು ಬ್ರಿಟನ್ನಿನಲ್ಲಿ 1936ರಲ್ಲೇ ‘ಫ್ರಾಗ್ ಪೆಂಗ್ವಿನ್’ ವಿಮಾನಗಳ ರೂಪದಲ್ಲಿ ಬಂದಿದ್ದರೂ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು ಯುದ್ಧಾನಂತರ ಅಗ್ಗವಾಗಿ ದೊರೆತ ಮೇಲೆಯೇ ಕಾರುಗಳ ಸರದಿ ಬಂತು. ಈ ಪ್ಲಾಸ್ಟಿಕ್ಕಿನ ಗುಣವೇನೆಂದರೆ ಅದರ ಅಂಟು ಎರಡೂ ಅಂಚುಗಳನ್ನು ತುಸು ಕರಗಿಸಿ ಬೆಸೆಯುತ್ತದೆ, ಆದ್ದರಿಂದ ಮನೆಯ ಮೇಜಿನ ಮೇಲೆ ಸಾಧಾರಣ ಕೈಚಳಕದವನೂ ಗಟ್ಟಿಯಾದ ಜೋಡಣೆ ಮಾಡಬಲ್ಲ. ಅಮೆರಿಕದ ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲಿ ಮಾರಿದ ‘ಹೈವೇ ಪಯನಿಯರ್ಸ್’ ಹಳೆಯ ಕಾರುಗಳ ಕಿಟ್ಟುಗಳಿಗೆ ಮಾರುಕಟ್ಟೆಯಿದೆಯೆಂದು ತೋರಿಸಿತು. ಬ್ರಿಟನ್ನಿನಲ್ಲಿ ಏರ್‌ಫಿಕ್ಸ್ ಕಂಪನಿ 1930ರ ನಾಲ್ಕೂವರೆ ಲೀಟರ್ ಬೆಂಟ್ಲಿಯನ್ನು 1:32ರಲ್ಲಿ ತಂದರೆ, ‘ಮೆರಿಟ್’ ಹೆಸರಿನ ಕಿಟ್ಟುಗಳು ಆಲ್ಫಾ 158, ಮಸೆರಾಟಿ 250ಎಫ್, ವ್ಯಾನ್‌ವಾಲ್ ಮುಂತಾದ ಗ್ರ್ಯಾನ್ ಪ್ರೀ ಕಾರುಗಳನ್ನು 1:24ರಲ್ಲಿ ಒದಗಿಸಿದವು. ಭಾಗಗಳು ಕಡಿಮೆ, ಎಂಜಿನ್ನಿನ ವಿವರ ಇಲ್ಲವೆನ್ನುವಷ್ಟು. ಆದರೆ ಕಟ್ಟುವವನಿಗೆ ತಪ್ಪನ್ನು ತಿದ್ದುವ, ತನ್ನದೊಂದನ್ನು ಸೇರಿಸುವ ಅವಕಾಶ ಇಲ್ಲಿಂದ ಶುರುವಾಯಿತು, ಅಚ್ಚಿನ ಕಾರ್ಖಾನೆಯ ಮಾತೇ ಕೊನೆಯದಾಗಿ ಉಳಿಯಲಿಲ್ಲ.

ಜಪಾನಿನ ಷಿಜುವೊಕಾ ನಗರದಲ್ಲಿ 1946ರಲ್ಲಿ ಮರದ ಕೆಲಸದ ಉದ್ದಿಮೆಯಾಗಿ ಹುಟ್ಟಿದ ತಮಿಯಾ ಕಂಪನಿ 1967ರಲ್ಲಿ ಹೋಂಡಾ ಆರ್‌ಎ273 ಫಾರ್ಮುಲಾ ಒನ್ ಕಾರಿನ 1:12 ಕಿಟ್ಟನ್ನು ತಂದಾಗ ನಿಖರತೆಯ ಅಳತೆಗೋಲೇ ಮೇಲಕ್ಕೆ ಹೋಯಿತು. ಕೆಲವು ವರ್ಷಗಳ ನಂತರ ಪೋರ್ಷೆ 934ರ ಮಾದರಿಗಾಗಿ ಆ ಕಂಪನಿ ಒಂದು ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಟ್ಟು ಅಧ್ಯಯನ ಮಾಡಿದ್ದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಹೇಳುವ ಸಂಗತಿ. ತಮಿಯಾ ಆಗ ಅಳೆದದ್ದು ಹೊಚ್ಚ ಹೊಸ ಕಾರುಗಳನ್ನು; ಅರ್ಧ ಶತಮಾನ ಕಳೆದ ಮೇಲೆ ಅವೇ ಹಳೆಯ ರೇಸ್ ಕಾರುಗಳಾಗಿ, ಆ ಕಿಟ್ಟುಗಳು ಪರೋಕ್ಷ ದಾಖಲೆಗಳೂ ಆಗಿವೆ.

ಯುದ್ಧಪೂರ್ವದ ಕಾರುಗಳಿಗೆ ಅಂಥ ಗೌರವ ಸಿಕ್ಕಿದ್ದು ಇಟಲಿಯಲ್ಲಿ. ಟ್ಯೂರಿನ್ ನಗರದ ಪೋಖರ್ ಕಂಪನಿ 1960ರ ದಶಕದಲ್ಲಿ 1907ರ ಫಿಯೆಟ್ ಎಫ್2 ಕಾರನ್ನು ಆರಿಸಿಕೊಂಡು 1:8ರ ಬೃಹತ್ ಕಿಟ್ಟನ್ನು ತಯಾರಿಸಿತು. ಫೆಲಿಚೆ ನಜಾರೋ ಆ ವರ್ಷದ ಫ್ರೆಂಚ್ ಗ್ರ್ಯಾನ್ ಪ್ರೀಯನ್ನು ದಿಯೆಪ್‌ನಲ್ಲಿ ಗೆದ್ದದ್ದು ಇಂಥ ಚೈನಿನಿಂದ ಓಡುವ, 16 ಲೀಟರಿಗೂ ಮೀರಿದ ಎಂಜಿನ್ನಿನ ಕಾರಿನಲ್ಲಿ. ಅದರ ನಂತರ ಬಂದ ಆಲ್ಫಾ ರೋಮಿಯೋ 8ಸಿ 2300 ಮೋಂಜಾದಲ್ಲಿ ಗಾಲಿಯ ತೊಡಕಿಗೆ ನೇರವಾದ ಉತ್ತರವಿತ್ತು: ಸ್ಪೋಕುಗಳು ಬಿಡಿ ತಂತಿಗಳಾಗಿ ಪೆಟ್ಟಿಗೆಯಲ್ಲಿದ್ದವು, ಅವನ್ನು ಸೈಕಲ್ ರಿಪೇರಿಯವನಂತೆ ಒಂದೊಂದಾಗಿ ಹಬ್ಬಿನಿಂದ ರಿಮ್ಮಿಗೆ ಹೆಣೆಯುವ ಹೊಣೆ ಕೊಂಡವನದು. ಈ ಹೆಣಿಗೆಯಲ್ಲಿ ಒಂದು ಸ್ಪೋಕು ಬಿಗಿ ಹೆಚ್ಚಾದರೂ ರಿಮ್ಮು ಒಂದು ಕಡೆಗೆ ಎಳೆದುಕೊಂಡು ಗಾಲಿ ಓಲಾಡುತ್ತದೆ, ಆದ್ದರಿಂದ ಎದುರುಬದುರಿನ ಸ್ಪೋಕುಗಳನ್ನು ಜೋಡಿಯಾಗಿ ಬಿಗಿಯುತ್ತ, ಆಗಾಗ ಗಾಲಿಯನ್ನು ತಿರುಗಿಸಿ ನೋಡುತ್ತ ಸಾಗಬೇಕಾಗುತ್ತದೆ. ಅಂದರೆ ನಿಜವಾದ ಗಾಲಿ ಕಟ್ಟುವ ವಿದ್ಯೆಯೇ ಇಲ್ಲಿಯೂ ಬೇಕು. ಇಂಥ ಕಿಟ್ಟಿನಲ್ಲಿ ಭಾಗಗಳು ತಾವಾಗಿಯೇ ಕೂಡಿಕೊಳ್ಳುವುದಿಲ್ಲ, ಅರ ಹಾಕಿ ಕೂರಿಸಿಕೊಳ್ಳಬೇಕು. ಅದೇ ಕಾಲದಲ್ಲಿ ಟ್ಯೂರಿನ್ನಿನ ಮಿಕೇಲೆ ಕೊಂತಿ, ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ಮೊದಲಾದ ಕುಶಲಕರ್ಮಿಗಳು ಕಿಟ್ಟಿನ ಹಂಗಿಲ್ಲದೆ ಲೇಥಿನ ಮೇಲೆ ಲೋಹವನ್ನು ಕಡೆದು ಒಂದೊಂದೇ ಮಾದರಿಯನ್ನು ಕಟ್ಟುತ್ತಿದ್ದರು. ವಿಂಗ್ರೋವ್ ಸ್ಪೋಕು ಹೆಣೆಯಲು ಬೇಕಾದ ಹಿಡಿಕಟ್ಟುಗಳ ಸಮೇತ ತನ್ನ ವಿಧಾನಗಳನ್ನು ಪುಸ್ತಕ ರೂಪದಲ್ಲಿ ವಿವರಿಸಿದ್ದರಿಂದ, ಗುಟ್ಟಾಗಿ ಉಳಿಯಬಹುದಾಗಿದ್ದ ವಿದ್ಯೆ ಹವ್ಯಾಸಿಗಳ ಕೈಸೇರಿತು. ಪ್ರಭಾವದ ದೃಷ್ಟಿಯಿಂದ ಆತನ ಮಾದರಿಗಳಿಗಿಂತ ಈ ಪುಸ್ತಕಗಳೇ ದೊಡ್ಡವೆಂದು ಹೇಳಬೇಕಾಗುತ್ತದೆ.

1970ರ ದಶಕದಲ್ಲಿ ಬಂದ ವೈಟ್ ಮೆಟಲ್ ಕಿಟ್ಟುಗಳ ಮಹತ್ವ ಅರ್ಥಶಾಸ್ತ್ರಕ್ಕೆ ಸಂಬಂಧಿಸಿದ್ದು. ಪ್ಲಾಸ್ಟಿಕ್ಕಿನ ಉಕ್ಕಿನ ಅಚ್ಚಿಗೆ ಭಾರಿ ಬಂಡವಾಳ ಬೇಕಿದ್ದರೆ, ತವರ ಪ್ರಧಾನವಾದ ಈ ಲೋಹ ಕಡಿಮೆ ಶಾಖದಲ್ಲೇ ಕರಗುವುದರಿಂದ ಗಿರಗಿರನೆ ತಿರುಗುವ ರಬ್ಬರ್ ಅಚ್ಚಿನಲ್ಲೇ ಎರಕ ಹೊಯ್ಯಬಹುದಿತ್ತು. ಕೆಲವೇ ನೂರು ಪ್ರತಿಗಳು ಮಾರಾಟವಾದರೂ ಕಸುಬು ನಡೆಯುತ್ತಿತ್ತು. ಹೀಗಾಗಿ ದೊಡ್ಡ ಕಂಪನಿಗಳು ತಿರುಗಿಯೂ ನೋಡದ, ಒಂದೆರಡು ರೇಸಿನಲ್ಲಿ ಓಡಿ ಮರೆಯಾದ ಕಾರುಗಳು ಕೂಡ 1:43ರಲ್ಲಿ ದೊರಕತೊಡಗಿದವು. ಇದಕ್ಕೆ ಜತೆಯಾದದ್ದು ಫೋಟೋ ಎಚಿಂಗ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪವನ್ನು ಹಿತ್ತಾಳೆಯ ತೆಳು ಹಾಳೆಗೆ ಬಳಿದು, ಚಿತ್ರವನ್ನು ಅದರ ಮೇಲೆ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆಯುವ ವಿಧಾನ. ತಲೆಗೂದಲಿನಷ್ಟು ತೆಳುವಾದ ಸ್ಪೋಕು ಈಗ ಸಾಧ್ಯವಾಯಿತು, ಆದರೆ ಅದು ಹಾಳೆಯಿಂದ ಬಂದದ್ದಾದ್ದರಿಂದ ದುಂಡಗಿರಲಿಲ್ಲ, ಚಪ್ಪಟೆಯಾಗಿತ್ತು. ಎರಡು ಮೂರು ಪದರಗಳನ್ನು ಬಟ್ಟಲಿನಂತೆ ಒತ್ತಿ ಒಂದರ ಮೇಲೊಂದು ಕೂರಿಸಿ ಆಳದ ಭ್ರಮೆ ತರಿಸಿದರು. ಹತ್ತಿರದಿಂದ ನೋಡುವ ಕಣ್ಣನ್ನು ಅದು ಇಂದಿಗೂ ಪೂರ್ತಿ ಒಪ್ಪಿಸುವುದಿಲ್ಲ. ಟೋಕಿಯೋದ ಮಾಡೆಲ್ ಫ್ಯಾಕ್ಟರಿ ಹಿರೋದಂಥ ತಯಾರಕರು ವೈಟ್ ಮೆಟಲ್, ಎಚಿಂಗ್, ರೆಸಿನ್, ಲೇಥಿನಲ್ಲಿ ಕಡೆದ ಅಲ್ಯುಮಿನಿಯಂ ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ್ದಾರೆ. ಕಟ್ಟುವ ತಾಳ್ಮೆಯಿಲ್ಲದವರಿಗಾಗಿ ಜರ್ಮನಿಯ ಸಿ.ಎಂ.ಸಿ. ಕಂಪನಿ 1990ರ ದಶಕದಿಂದ ಕೈಯಿಂದ ಜೋಡಿಸಿದ 1:18ರ ಸಿದ್ಧ ಮಾದರಿಗಳನ್ನು ಮಾರುತ್ತ ಬಂದಿದೆ.

ಆಕಾರ ಸರಿಯಾದ ಮೇಲೆ ಉಳಿಯುವ ಸಮಸ್ಯೆ ಮೇಲ್ಮೈಯದು, ಮತ್ತು ಇಲ್ಲಿ ಅನುಪಾತದ ನಿಯಮವನ್ನು ಅಕ್ಷರಶಃ ಪಾಲಿಸುವುದು ಅಸಾಧ್ಯ. ನಿಜವಾದ ಕಾರಿನ ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿದ್ದರೆ 1:24ರಲ್ಲಿ ಅದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗವಾಗಬೇಕು. ಅಷ್ಟು ತೆಳುವಾಗಿ ಬಣ್ಣ ಹಾಕಿ ಮುಚ್ಚಿಸುವುದು ಏರ್‌ಬ್ರಷ್ಷಿಗೂ ಆಗದ ಕೆಲಸ. ಆದ್ದರಿಂದ ನುರಿತವರು ಬಾನೆಟ್ಟಿನ ಕಿಂಡಿಗಳನ್ನು ಬಣ್ಣ ತುಂಬಿಕೊಳ್ಳುವ ಮುನ್ನವೇ ತುಸು ಆಳವಾಗಿ ಕೊರೆಯುತ್ತಾರೆ, ಹೊಳಪನ್ನು ತಗ್ಗಿಸುತ್ತಾರೆ, ಎಣ್ಣೆಯ ಕಲೆಯನ್ನು ಇರಬೇಕಾದ್ದಕ್ಕಿಂತ ಕಡಿಮೆಯೇ ಹಾಕುತ್ತಾರೆ.

ಬಣ್ಣ ಯಾವುದೆಂಬ ಪ್ರಶ್ನೆ ಇದಕ್ಕಿಂತ ಜಟಿಲ. ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಇಟಲಿಗೆ ಕೆಂಪು, ಜರ್ಮನಿಗೆ ಬಿಳಿ ಎಂಬ ಸಂಪ್ರದಾಯವೇನೋ ಇತ್ತು, ಆದರೆ ಒಂದೇ ಒಂದು ಬ್ರಿಟಿಷ್ ಹಸಿರು ಎಂದೂ ಇರಲಿಲ್ಲ, ಆ ಕಾಲದ ಛಾಯಾಚಿತ್ರಗಳೋ ಬಹುತೇಕ ಕಪ್ಪುಬಿಳುಪು. 1934ರ ನ್ಯೂರ್ಬರ್ಗ್‌ರಿಂಗ್ ರೇಸಿನ ಹಿಂದಿನ ರಾತ್ರಿ ಮರ್ಸಿಡಿಸ್ ಡಬ್ಲ್ಯು25 ಕಾರು ಮಿತಿಗಿಂತ ಒಂದು ಕಿಲೋ ಹೆಚ್ಚು ತೂಗಿತೆಂದು ಬಿಳಿ ಬಣ್ಣವನ್ನು ಕೆರೆದು ತೆಗೆದರು, ಹೀಗೆ ಒಳಗಿನ ಲೋಹದ ಬೆಳ್ಳಿಬಣ್ಣ ಹೊರಬಿದ್ದು ‘ಬೆಳ್ಳಿ ಬಾಣ’ ಹುಟ್ಟಿತು ಎಂದು ತಂಡದ ಮುಖ್ಯಸ್ಥ ಆಲ್ಫ್ರೆಡ್ ನಾಯ್‌ಬಾವರ್ ಬರೆದುಕೊಂಡದ್ದನ್ನು ನಂತರದ ಇತಿಹಾಸಕಾರರು ಗಟ್ಟಿಯಾಗಿ ಪ್ರಶ್ನಿಸಿದ್ದಾರೆ. ಬಿಳಿಯ ಡಬ್ಲ್ಯು25 ಕಟ್ಟುವವನು ತಿಳಿದೋ ತಿಳಿಯದೆಯೋ ಈ ವಿವಾದದಲ್ಲಿ ಒಂದು ಪಕ್ಷ ವಹಿಸಿದಂತಾಗುತ್ತದೆ. ಉಳಿದುಬಂದ ಕಾರನ್ನು ನೋಡಿಕೊಂಡರೆ ಸಾಕೆನ್ನುವ ಹಾಗೂ ಇಲ್ಲ. ವಸ್ತುಸಂಗ್ರಹಾಲಯದ ಕಾರು ಅನೇಕ ಸಲ ರೇಸಿನ ದಿನದಲ್ಲಿ ಎಂದೂ ಇಲ್ಲದ ಹೊಳಪನ್ನು ಜೀರ್ಣೋದ್ಧಾರದಲ್ಲಿ ಪಡೆದಿರುತ್ತದೆ, ಅರ್ಜೆಂಟೀನಾದ ಪುರ್ ಸಾಂಗ್ ಕಾರ್ಯಾಗಾರದಲ್ಲಿ ಬುಗಾಟಿ ಟೈಪ್ 35ರ ಪ್ರತಿಕೃತಿಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಅಂಥದನ್ನು ಅಳೆದು ಕಟ್ಟಿದ ಮಾದರಿ ಪ್ರತಿಯ ಪ್ರತಿಯಷ್ಟೇ. ಇದರ ಇನ್ನೊಂದು ತುದಿಯಲ್ಲಿ ಫಿಯೆಟ್ 806 ಇದೆ. 12 ಸಿಲಿಂಡರುಗಳ ಒಂದೂವರೆ ಲೀಟರ್ ಎಂಜಿನ್ನಿನ ಈ ಕಾರು 1927ರಲ್ಲಿ ಪಿಯೆತ್ರೋ ಬೊರ್ದಿನೋನ ಕೈಯಲ್ಲಿ ಮೋಂಜಾದ ಮಿಲಾನ್ ಗ್ರ್ಯಾನ್ ಪ್ರೀಯನ್ನು ಗೆದ್ದಿತು, ಅದೇ ಅದರ ಮೊದಲ ಮತ್ತು ಕೊನೆಯ ರೇಸು; ಫಿಯೆಟ್ ರೇಸಿನಿಂದ ಹಿಂದೆ ಸರಿದು ಕಾರನ್ನು ನಾಶಮಾಡಿತು. ಅದರ 1:12 ಕಿಟ್ಟನ್ನು ಇಟಲೇರಿ ಕಂಪನಿ ಹೊರತಂದಿದೆ. ಅಳೆಯಲು ಮೂಲವೇ ಇಲ್ಲದ ಕಡೆ ಮಾದರಿಯು ಉಳಿದಿರುವ ದಾಖಲೆ, ಛಾಯಾಚಿತ್ರಗಳ ಆಧಾರದ ಮೇಲೆ ಮಾಡಿದ ಊಹೆಯಾಗುತ್ತದೆ, ಒಳ್ಳೆಯ ಊಹೆಯಾದರೂ ಊಹೆಯೇ.

ಇತ್ತೀಚಿನ ತ್ರೀಡಿ ಮುದ್ರಣ ಈ ಪರಿಸ್ಥಿತಿಯನ್ನು ಇನ್ನಷ್ಟು ತೀವ್ರಗೊಳಿಸಿದೆ. ಬೆಳಕಿಗೆ ಗಟ್ಟಿಯಾಗುವ ದ್ರವ ರೆಸಿನ್ನಿನಿಂದ ಪದರ ಪದರವಾಗಿ ಭಾಗವನ್ನು ಮೂಡಿಸುವ ಯಂತ್ರಗಳು ಮನೆಗೆ ಬಂದ ಮೇಲೆ ಕಾರ್ಬುರೇಟರನ್ನೋ ಮ್ಯಾಗ್ನೆಟೋವನ್ನೋ ಕಂಪ್ಯೂಟರಿನಲ್ಲಿ ಬಿಡಿಸಬಲ್ಲ ಯಾರು ಬೇಕಾದರೂ ಅದನ್ನು ಪಡೆಯಬಹುದು. ಆ ಚಿತ್ರ ಎಲ್ಲಿಂದ ಬಂತು, ಯಾವ ಕಾರನ್ನು ಅಳೆದದ್ದು ಎಂದು ಭಾಗವನ್ನು ನೋಡಿ ಯಾರೂ ಹೇಳಲಾರರು. ನಯವಾದ ಭಾಗವೆಲ್ಲ ನಿಜವಾದ ಭಾಗವೆಂದು ನಂಬಿಸುವ ಶಕ್ತಿ ಈ ಯಂತ್ರಕ್ಕಿದೆ. ಆದ್ದರಿಂದ ಗಂಭೀರವಾಗಿ ಈ ಕೆಲಸಕ್ಕೆ ಇಳಿಯುವವರು ಮಾದರಿಯ ಜತೆಗೆ ಒಂದು ಪುಟದ ಟಿಪ್ಪಣಿಯನ್ನೂ ಇಡುವುದು ಒಳಿತು: ಕಟ್ಟಿದ್ದು ಯಾವ ರೇಸಿನ ಕಾರು, ಯಾವ ಭಾಗಕ್ಕೆ ಯಾವ ಛಾಯಾಚಿತ್ರ ಅಥವಾ ನಕ್ಷೆ ಆಧಾರ, ಯಾವುದು ಊಹೆ ಎಂಬಿಷ್ಟನ್ನು ಅದರಲ್ಲಿ ಬರೆದಿಟ್ಟರೆ ಸಾಕು.