ಅತಿಥಿ ಶಿಕ್ಷಕರು, ಆಂಧ್ರದ ಪುರಾವೆ ಮತ್ತು ಗಡಿ ತಾಲ್ಲೂಕಿನ ತರಗತಿ

ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರ ನೇಮಕಾತಿಯ ಚರಿತ್ರೆಯ ಮುಖ್ಯ ಘಟ್ಟಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದ 1990ರ ದಶಕದಲ್ಲಿ ಅರ್ಹತೆಯ ಆಧಾರದ ಮೇಲೆ ಸುಮಾರು 1 ಲಕ್ಷ ಶಿಕ್ಷಕರು ಸೇವೆಗೆ ಸೇರಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಬೆನ್ನಿಗೇ ಅರ್ಹತಾ ಪರೀಕ್ಷೆ ಬಂತು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದರೂ ಎಲ್ಲ ಹುದ್ದೆಗಳು ತುಂಬಲಿಲ್ಲ. ಒಂದು ನೇಮಕಾತಿಗೂ ಇನ್ನೊಂದಕ್ಕೂ ನಡುವಿನ ವರ್ಷಗಳಲ್ಲಿ ಖಾಲಿ ತರಗತಿಗಳಿಗೆ ಹೋಗಿ ನಿಲ್ಲುವವರು ಅತಿಥಿ ಶಿಕ್ಷಕರು. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಈ ವ್ಯವಸ್ಥೆಯಿಂದ ಮಕ್ಕಳ ಕಲಿಕೆಗೆ ಏನಾಗುತ್ತದೆ ಎಂಬಲ್ಲಿ ವಿದ್ವಾಂಸರ ದಾರಿ ಕವಲೊಡೆಯುತ್ತದೆ.

ಈ ಚರ್ಚೆಯಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನ. ಆಂಧ್ರಪ್ರದೇಶದಲ್ಲಿ ಚೀಟಿ ಎತ್ತಿದಂತೆ ಆರಿಸಿದ 100 ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ತಲಾ ಒಬ್ಬ ಗುತ್ತಿಗೆ ಶಿಕ್ಷಕರನ್ನು ಹೆಚ್ಚುವರಿಯಾಗಿ ಕೊಡಲಾಯಿತು. ಎರಡು ವರ್ಷಗಳ ಬಳಿಕ ಆ ಶಾಲೆಗಳ ಮಕ್ಕಳು ಗಣಿತದಲ್ಲಿ 0.16, ಭಾಷೆಯಲ್ಲಿ 0.15 ಪ್ರಮಾಣಿತ ವಿಚಲನೆಯಷ್ಟು ಮುಂದಿದ್ದರು. ಗೈರುಹಾಜರಿ ಕಾಯಂ ಶಿಕ್ಷಕರಲ್ಲಿ ಶೇ. 27, ಗುತ್ತಿಗೆಯವರಲ್ಲಿ ಶೇ. 18. ಮಕ್ಕಳ ಕಲಿಕೆಯನ್ನು ಹೆಚ್ಚಿಸುವುದರಲ್ಲಿ ಐದು ಪಟ್ಟು ಸಂಬಳ ಪಡೆಯುವ ಕಾಯಂ ಶಿಕ್ಷಕರಿಗಿಂತ ಗುತ್ತಿಗೆಯವರು ಕಡಿಮೆಯಲ್ಲ ಎಂಬುದು ಲೇಖಕರ ತೀರ್ಮಾನ.

ಈ ತೀರ್ಮಾನವನ್ನು ಗಡಿ ದಾಟಿಸಿ ಚಿಕ್ಕಬಳ್ಳಾಪುರ ಜಿಲ್ಲೆಗೆ ತರಬಹುದೆ? ತರಲಾಗದು ಎಂಬುದು ಈ ಲೇಖನದ ವಾದ.

ಮೊದಲನೆಯದಾಗಿ, ಪ್ರಯೋಗದ ತಿರುಳಿರುವುದು ‘ಹೆಚ್ಚುವರಿ’ ಎಂಬ ಪದದಲ್ಲಿ. ಅಲ್ಲಿ ಇದ್ದ ಶಿಕ್ಷಕರ ಜೊತೆಗೆ ಇನ್ನೊಬ್ಬರು ಬಂದರು. ಇಲ್ಲಿ ಅತಿಥಿ ಶಿಕ್ಷಕರು ಬರುವುದು ಶಿಕ್ಷಕರೇ ಇಲ್ಲದ ಜಾಗಕ್ಕೆ. ಪ್ರಯೋಗ ನೇರವಾಗಿ ಅಳೆದದ್ದು ಇನ್ನೊಂದು ಜೊತೆ ಕೈಗಳ ಫಲವನ್ನು. ಗುತ್ತಿಗೆಯವರೂ ಕಾಯಂ ಶಿಕ್ಷಕರೂ ಸರಿಸಮ ಎಂಬ ಮಾತು ಪ್ರಯೋಗದಿಂದ ಮಾತ್ರವೇ ಹುಟ್ಟಿದ್ದಲ್ಲ; ಹಲವು ವರ್ಷಗಳ ಅಂಕಿಅಂಶಗಳನ್ನು ಅದರ ಪಕ್ಕದಲ್ಲಿಟ್ಟು ಮಾಡಿದ ಅಂದಾಜು ಅದು. ಅಂದಾಜು ಎಚ್ಚರದ್ದೇ, ಲೇಖಕರು ಹಲವು ಬಗೆಯಲ್ಲಿ ಅದನ್ನು ಒರೆಗೆ ಹಚ್ಚಿದ್ದಾರೆ. ಆದರೂ ಎರಡು ಪುರಾವೆಗಳ ತೂಕ ಒಂದೇ ಅಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಆಂಧ್ರದ ಗುತ್ತಿಗೆ ಶಿಕ್ಷಕರಲ್ಲಿ ಅದೇ ಊರಿನವರು, ಶಾಲೆಗೆ ಹತ್ತಿರ ಇದ್ದವರು ಹೆಚ್ಚು. ಹಾಗಾದರೆ ಫಲ ಕೊಟ್ಟದ್ದು ಗುತ್ತಿಗೆಯೋ, ಊರೋ?

ಈ ಪ್ರಶ್ನೆಗೆ ಚಿಂತಾಮಣಿ ಕಡೆಯ 1ನೇ ತರಗತಿಯಲ್ಲಿ ಕೂತರೆ ಜೀವ ಬರುತ್ತದೆ. ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಮನೆಯ ಚಿತ್ರ ತೋರಿಸಿದರೆ ಮಗು ‘ಇಲ್ಲು’ ಎನ್ನುತ್ತದೆ. ತೆಲುಗು ಬಾರದ ಶಿಕ್ಷಕಿಯ ಕಿವಿಗೆ ಅದು ‘ಇಲ್ಲ’ ಎಂದು ಬೀಳುತ್ತದೆ. ಹಾಲಿನ ಲೋಟ ನೋಡಿ ಮಗು ‘ಪಾಲು’ ಎಂದರೆ ಕನ್ನಡದಲ್ಲಿ ಅದಕ್ಕೆ ಬೇರೆಯೇ ಅರ್ಥ. ಮಗು ಹೇಳಿದ್ದು ಎರಡು ಸಲವೂ ಸರಿ. ಅದು ಸರಿ ಎಂದು ತಿಳಿಯಲು ಊರಿನ ಕಿವಿ ಬೇಕು. ಶಿಡ್ಲಘಟ್ಟದ ಹಳ್ಳಿಗಳಲ್ಲೂ ಹೀಗೆಯೇ: ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಮಗು ಏಕೆ ಬರಲಿಲ್ಲ ಎಂದು ಅಲ್ಲಿಯೇ ಬೆಳೆದವರನ್ನು ಕೇಳಬೇಕಾಗಿಲ್ಲ. ಇಷ್ಟಾದರೂ ಕನ್ನಡ ಮಾಧ್ಯಮದ ನೇಮಕಾತಿಯಲ್ಲಿ ಮಗುವಿನ ಮನೆಮಾತು ಬಲ್ಲವರಿಗೆ ಒಂದು ಅಂಕವೂ ಹೆಚ್ಚಿಲ್ಲ.

ಆದ್ದರಿಂದ, ಆಂಧ್ರದಲ್ಲಿ ಕಂಡ ಫಲದ ದೊಡ್ಡ ಭಾಗ ಸಾಮೀಪ್ಯಕ್ಕೆ ಮತ್ತು ಹೆಚ್ಚುವರಿ ಕೈಗೆ ಸಲ್ಲಬೇಕೇ ಹೊರತು ಅಲ್ಪಾವಧಿಯ ಗುತ್ತಿಗೆಗಲ್ಲ ಎಂದು ಈ ಲೇಖನ ಸೂಚಿಸುತ್ತದೆ. ಸೂಚಿಸುತ್ತದೆ ಅಷ್ಟೆ, ಸಾಧಿಸಿದೆ ಎನ್ನಲಾಗದು. ನೌಕರಿ ಮುಂದುವರಿಯಲಿ ಎಂಬ ಆತಂಕವೇ ಗೈರುಹಾಜರಿಯನ್ನು ತಗ್ಗಿಸಿರಬಹುದು. ಊರಿನವರೆಂದರೆ ಊರಿನ ಜಾತಿ, ಪಕ್ಷಗಳ ಒತ್ತಡಕ್ಕೂ ಸಿಗುವವರು. ತಾಲ್ಲೂಕುಗಳೂ ಏಕರೂಪವಲ್ಲ: ಹಿಂದೂಪುರಕ್ಕೆ ಅಂಟಿಕೊಂಡ ಗೌರಿಬಿದನೂರಿನಲ್ಲಿ ಕನ್ನಡದ ಮನೆಗಳೂ ಇವೆ, ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳಲ್ಲಿ ಉರ್ದು ಇದೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ವಾದ ನಿಲ್ಲುತ್ತದೆ, ಏಕೆಂದರೆ ಬೇರೆಡೆಯ ಪುರಾವೆಯೂ ಅದೇ ದಿಕ್ಕಿನದು. 2001ರಲ್ಲಿ ಶುರುವಾದ ಮುಂಬೈ, ವಡೋದರದ ‘ಬಾಲಸಖಿ’ ಪ್ರಯೋಗದಲ್ಲಿ ಅದೇ ಬಡಾವಣೆಯ ಯುವತಿಯರು ಎರಡು ವಾರದ ತರಬೇತಿ ಪಡೆದು, ಹಿಂದುಳಿದ ಸುಮಾರು 20 ಮಕ್ಕಳನ್ನು ದಿನಕ್ಕೆ ಎರಡು ತಾಸು ಕೂರಿಸಿಕೊಂಡು ಕಲಿಸಿದರು, ಕಲಿಕೆ ಮೇಲೇರಿತು. ಅವರು ಶಿಕ್ಷಕರ ಜಾಗಕ್ಕೆ ಬಂದವರಲ್ಲ, ಜೊತೆಗೆ ಬಂದವರು. ಕೆನ್ಯಾದಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸಿದಾಗ ಫಲಿಸಿದ ಗುತ್ತಿಗೆ ಶಿಕ್ಷಕರ ಯೋಜನೆ ಸರ್ಕಾರದ ಕೈಯಲ್ಲಿ ಫಲಿಸಲಿಲ್ಲ. ಗುತ್ತಿಗೆ ಎಂಬುದೊಂದೇ ಕಾರಣವಾಗಿದ್ದರೆ ಎರಡೂ ಕಡೆ ಫಲಿಸಬೇಕಿತ್ತು.

ತರಬೇತಿಯ ಮಾತೂ ಇಲ್ಲಿಗೇ ಬಂದು ಸೇರುತ್ತದೆ. ಚಿಂತಾಮಣಿಯಿಂದ ಮದನಪಲ್ಲಿ ರಸ್ತೆ ಹಿಡಿದರೆ ರಿಷಿ ವ್ಯಾಲಿ ಶಾಲೆ ಸಿಗುತ್ತದೆ. ಎಚ್.ಡಿ. ಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ಅಲ್ಲಿನ ಕಲಿಕೆಯ ಕ್ರಮವನ್ನು ಕಣ್ಣಾರೆ ಕಂಡು ಬಂದು 1995ರಲ್ಲಿ ಆರಂಭಿಸಿದ್ದೇ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ. ಅದರ ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಬೇರೆ ಬೇರೆ ಮೆಟ್ಟಿಲಿನ ಮಕ್ಕಳನ್ನು ಒಟ್ಟಿಗೆ ನಡೆಸುವುದು ಒಂದು ವರ್ಷದಲ್ಲಿ ಕೈಗೆ ಹತ್ತುವ ಕೆಲಸವಲ್ಲ. ಶೈಕ್ಷಣಿಕ ವರ್ಷ ಮುಗಿಯುತ್ತಲೇ ಅತಿಥಿ ಶಿಕ್ಷಕರ ಕೆಲಸ ಮುಗಿದರೆ, ಕಲಿತ ವಿದ್ಯೆಯೂ ಅವರ ಜೊತೆಗೇ ಶಾಲೆಯಿಂದ ಹೊರಡುತ್ತದೆ. 2025ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,000ದಿಂದ 12,000 ರೂಪಾಯಿಗೆ ಏರಿತು. ಅದು ನ್ಯಾಯವೇ, ಸಾಲದು ಕೂಡ. ಆದರೆ ಮುಂದಿನ ಜೂನ್‌ನಲ್ಲಿ ಅದೇ ಮುಖ ಅದೇ ತರಗತಿಯಲ್ಲಿರುತ್ತದೆಂಬ ಭರವಸೆ ಅದರಿಂದ ಬರುವುದಿಲ್ಲ. ಖಾಲಿ ಹುದ್ದೆಗೆ ಕಾಯಂ ಶಿಕ್ಷಕರು, 1ರಿಂದ 3ನೇ ತರಗತಿಗೆ ಊರಿನದೇ ತರಬೇತಾದ ಸಹಾಯಕಿ: ಪುರಾವೆ ಬೊಟ್ಟು ಮಾಡುವುದು ಈ ಜೋಡಿಯ ಕಡೆಗೆ.

ಸಾಮೀಪ್ಯದಲ್ಲಿ ಮನೆಮಾತಿನ ಪಾಲೆಷ್ಟು, ಮನೆಯ ದೂರದ ಪಾಲೆಷ್ಟು ಎಂಬುದು ಇನ್ನೂ ಬಿಡಿಸಬೇಕಾದ ಗಂಟು. ಅದಕ್ಕೆ ಬೇಕಾದ ಮೊದಲ ದಾಖಲೆ ಮಾತ್ರ ಪ್ರತಿ ಶಾಲೆಯ ಬೀರುವಿನಲ್ಲೂ ಇದೆ: ದಾಖಲಾತಿ ವಹಿಯಲ್ಲಿ ‘ಮಾತೃಭಾಷೆ’ ಎಂಬ ಕಲಂ. ಈ ಮೂರು ತಾಲ್ಲೂಕುಗಳ ಸಮೂಹ ಸಂಪನ್ಮೂಲ ವ್ಯಕ್ತಿಗಳು ಮುಂದಿನ ನೇಮಕಾತಿಗೆ ಮುನ್ನ ಆ ಕಲಂ ಅನ್ನು ಶಾಲೆವಾರು ಕೂಡಿಸಿ ಕೊಡಲಿ.