ಫಾರ್ಮಿನ ಒಂದು ಪ್ರಶ್ನೆ, ಅದರ ಹಿಂದಿನ ನೂರೈವತ್ತು ವರ್ಷ

ಪೊಲೀಸ್ ಇಲಾಖೆಗೋ, ರೈಲ್ವೆಗೋ, ಕೇಂದ್ರದ ಯಾವುದೋ ಪಡೆಗೋ ಆಯ್ಕೆಯಾದವರ ಕೈಗೆ ಅಟೆಸ್ಟೇಷನ್ ಫಾರ್ಮ್ ಎಂಬ ಕಾಗದ ಬರುತ್ತದೆ. ಹೆಸರು, ಊರು, ಓದಿದ ಶಾಲೆ ಎಲ್ಲ ತುಂಬಿದ ಮೇಲೆ ಅದು ಕೇಳುತ್ತದೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ? ದಂಡ ಬಿದ್ದಿತ್ತೇ? ಮುಚ್ಚಳಿಕೆ ಬರೆಸಿಕೊಂಡಿದ್ದರೇ?

ಹಳ್ಳಿಯ ಹುಡುಗರ ಪೆನ್ನು ಇಲ್ಲೇ ನಿಲ್ಲುತ್ತದೆ. ಜಾತ್ರೆಯಲ್ಲಿ ನಡೆದ ತಳ್ಳಾಟ, ಬದುವಿನ ಜಗಳದಲ್ಲಿ ಅಪ್ಪನ ಜೊತೆ ತನ್ನ ಹೆಸರೂ ಸೇರಿದ ದೂರು, ನೀರಿಗಾಗಿ ರಸ್ತೆ ತಡೆದ ದಿನದ ಕೇಸು ನೆನಪಾಗುತ್ತವೆ. ಬರೆದರೆ ಕೆಲಸ ಹೋದೀತೇ? ಬರೆಯದಿದ್ದರೆ ಹೋದೀತೇ?

ಈ ಪ್ರಶ್ನೆ ಇವತ್ತಿನದಲ್ಲ. ಕೆಲಸ ಕೊಡುವ ಮುನ್ನ ಮನುಷ್ಯನ ಹಿಂದನ್ನು ಕೆದಕುವ ಪದ್ಧತಿಗೆ ನಮ್ಮ ದೇಶದಲ್ಲಿ ಉದ್ದನೆಯ ಚರಿತ್ರೆ ಇದೆ. ಅದು ಹುಬ್ಬಳ್ಳಿ, ಗದಗ, ಕೋಲಾರಗಳ ಮೇಲೂ ಹಾದುಹೋಗುತ್ತದೆ.

ಅಂಗೈ ಗುರುತಿನಿಂದ ಶುರು

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿ ಪೂರೈಸುವ ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರದ ಮೇಲೆ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ನಾಳೆ ಆತ ‘ಇದು ನನ್ನ ಸಹಿಯಲ್ಲ’ ಎನ್ನಬಾರದು ಎಂಬುದೇ ಉದ್ದೇಶ. ಅಂದರೆ ಗುರುತು ಹಿಡಿಯುವ ಈ ವಿದ್ಯೆ ಕಳ್ಳರನ್ನು ಹುಡುಕುವುದಕ್ಕಿಂತ ಮೊದಲು ಕೆಲಸದ ಕರಾರಿಗೆ ಬಂತು.

ಮುಂದೆ ಅದು ಪೊಲೀಸರ ಕೈಗೆ ಹೋಯಿತು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಅಚ್ಚುಗಳ ನಡುವೆ ಒಂದನ್ನು ಹುಡುಕಿ ತೆಗೆಯುವ ಲೆಕ್ಕಾಚಾರದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಪೊಲೀಸ್ ಅಧಿಕಾರಿಗಳ ದುಡಿಮೆ ಇತ್ತು. ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ.

ಮಾಡಿದ್ದಕ್ಕಲ್ಲ, ಹುಟ್ಟಿದ್ದಕ್ಕೆ

ಈ ನಡುವೆ 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತ್ತು. ಒಬ್ಬ ಮನುಷ್ಯ ಮಾಡಿದ ಅಪರಾಧವನ್ನು ಬರೆದಿಡುವ ಬದಲು ಇಡೀ ಸಮುದಾಯವನ್ನೇ ಅಪರಾಧಿ ಎಂದು ಬರೆದಿಡುವ ಕಾನೂನು ಅದು. ಪಟ್ಟಿಗೆ ಸೇರಿದವರು ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಪಡೆಯಬೇಕು. ಪಟ್ಟಿಗೆ ಸೇರಿಸಿದ್ದು ಸರಿಯೇ ಎಂದು ಕೋರ್ಟಿನಲ್ಲಿ ಕೇಳುವಂತಿರಲಿಲ್ಲ.

ಮೊದಲು ಉತ್ತರ ಭಾರತಕ್ಕಿದ್ದ ಈ ಕಾಯ್ದೆಯನ್ನು 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಹರಡಿದರು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಉತ್ತರ ಕರ್ನಾಟಕದಲ್ಲಿ ಕೊರಚ, ಗಂಟಿಚೋರ್, ಹರಣಶಿಕಾರಿ, ಚಪ್ಪರಬಂದ್ ಮುಂತಾದ ಸಮುದಾಯಗಳು ಇದರ ಬಲೆಗೆ ಬಿದ್ದವು. ‘ಗಂಟಿಚೋರ್’ ಎಂಬ ಹೆಸರಿನಲ್ಲೇ ಕಳ್ಳನೆಂಬ ಮಾತಿದೆ. ಆ ಸಮುದಾಯದ ಮಗು ಶಾಲೆಗೆ ಸೇರುವಾಗ ಜಾತಿ ಕಾಲಂನಲ್ಲಿ ಏನು ಬರೆಸಬೇಕಾಗುತ್ತದೆ ಎಂದು ಒಮ್ಮೆ ಯೋಚಿಸಿ.

ಈ ಜನರನ್ನು ಒಂದೆಡೆ ಕೂಡಿಹಾಕಲು ವಸಾಹತುಗಳನ್ನು ಕಟ್ಟಿದರು. ವಿಜಾಪುರ, ಹುಬ್ಬಳ್ಳಿ, ಗದಗ–ಬೆಟಗೇರಿಗಳಲ್ಲಿ ಅವು ಎದ್ದವು. ಇವತ್ತಿಗೂ ಹುಬ್ಬಳ್ಳಿಯಲ್ಲಿ, ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂದರೆ ಆಟೊದವರಿಗೆ ದಾರಿ ಗೊತ್ತು. ಆ ಹೆಸರು ಎಲ್ಲಿಂದ ಬಂತು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿಲ್ಲ.

ಹುಬ್ಬಳ್ಳಿಯ ಸೆಟ್ಲಮೆಂಟ್ ಜನರನ್ನು ನೂಲಿನ ಗಿರಣಿಗೂ ರೈಲ್ವೆ ಕಾರ್ಖಾನೆಗೂ ದುಡಿಯಲು ಕಳಿಸುತ್ತಿದ್ದರು. ಇವತ್ತು ಪೊಲೀಸ್ ದಾಖಲೆ ಇದ್ದವರಿಗೆ ಕೆಲಸ ಸಿಗುವುದು ಕಷ್ಟ. ಅಂದು ದಾಖಲೆ ಇತ್ತೆಂಬ ಕಾರಣಕ್ಕೇ ಕೆಲಸಕ್ಕೆ ನಿಲ್ಲಿಸಿದರು. ಗಿರಣಿಗೆ ಬಿಟ್ಟುಹೋಗಲಾರದ ಕೂಲಿಗಳು ಬೇಕಿತ್ತು, ಸರ್ಕಾರಕ್ಕೆ ಕಾವಲು ಬೇಕಿತ್ತು. ಇಬ್ಬರ ಕೆಲಸವೂ ಒಂದೇ ಹಾಜರಿ ಪುಸ್ತಕದಲ್ಲಿ ಮುಗಿಯಿತು.

ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ 1930ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರಂತೆ ನಮ್ಮ ಬೆರಳು ಯಾಕೆ ಒತ್ತಬೇಕು ಎಂಬ ಸಿಟ್ಟು ಆ ಮುಷ್ಕರದಲ್ಲಿತ್ತು.

ಕಾಯ್ದೆ ಹೋಯಿತು, ಕಡತ ಉಳಿಯಿತು

1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಯಿತು. ಹಲವು ಅಲೆಮಾರಿ ಸಮುದಾಯಗಳು ಆ ದಿನವನ್ನು ವಿಮುಕ್ತಿ ದಿನವಾಗಿ ಆಚರಿಸುತ್ತವೆ. ಆದರೆ ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಕಾಗದದ ಮೇಲೆ ಇದು ಜಾತಿಯನ್ನು ನೋಡುವುದಿಲ್ಲ, ವ್ಯಕ್ತಿಯ ಶಿಕ್ಷೆಗಳನ್ನು ನೋಡುತ್ತದೆ. ಆದರೆ ಹಳೆಯ ಅನುಮಾನ ಅಷ್ಟು ಬೇಗ ಸಾಯಲಿಲ್ಲ. ಅಲೆಮಾರಿ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ!

ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯೂ ಹಾಗೆಯೇ ಮುಂದುವರಿಯಿತು. ಕೆಲವೊಮ್ಮೆ ಅಪರಾಧದ ಜೊತೆ ಅಭಿಪ್ರಾಯವನ್ನೂ ತಪಾಸಣೆ ಮಾಡಿತು. ಮಧ್ಯಪ್ರದೇಶದಲ್ಲಿ ಒಬ್ಬ ಶಿಕ್ಷಕರು ಹಿಂದೆ ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರು ಎಂಬ ಪೊಲೀಸ್ ವರದಿಯ ಮೇಲೆ ಕೆಲಸ ಕಳೆದುಕೊಂಡರು. 1983ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಅದನ್ನು ಒಪ್ಪಲಿಲ್ಲ.

ಕೋರ್ಟು ಬಂದ ದಾರಿ

ಕೇಸಿನ ವಿಷಯ ಬಂದಾಗ ಕೋರ್ಟು ಒಂದೇ ಮಾತು ಆಡಲಿಲ್ಲ. 2003ರಲ್ಲಿ ಕೇಂದ್ರೀಯ ವಿದ್ಯಾಲಯದ ದೈಹಿಕ ಶಿಕ್ಷಕರೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅವರ ಮೇಲೆ ಮೊಕದ್ದಮೆ ಇತ್ತು, ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆದಿದ್ದರು. ತಾವು ಹಿಂದಿ ಮಾಧ್ಯಮದಲ್ಲಿ ಓದಿದವರು, ಫಾರ್ಮಿನ ಇಂಗ್ಲಿಷ್ ಪದಗಳ ಅರ್ಥ ತಿಳಿಯಲಿಲ್ಲ ಎಂದರು. ಪದವಿಗಳನ್ನು ಪಡೆದವರಿಗೆ ಇಷ್ಟು ತಿಳಿಯದೇ ಎಂದು ಕೋರ್ಟು ಕೇಳಿತು. ಕೆಲಸ ಹೋಯಿತು. ಕನ್ನಡದಲ್ಲಿ ಓದಿದ ನಮಗೆಲ್ಲ ಇದು ಕಿವಿಮಾತು.

2011ರಲ್ಲಿ ದೆಹಲಿ ಪೊಲೀಸ್ ಹುದ್ದೆಯ ಅಭ್ಯರ್ಥಿಯೊಬ್ಬನ ವಿಷಯದಲ್ಲಿ ಕೋರ್ಟಿನ ದನಿ ಮೆತ್ತಗಾಯಿತು. ಹರೆಯದಲ್ಲಿ ನಡೆದ ಹೊಡೆದಾಟದ ಕೇಸು ರಾಜಿಯಾಗಿ ಖುಲಾಸೆಯಾಗಿತ್ತು. ಹರೆಯದ ತಪ್ಪಿಗೆ ಜೀವನಪೂರ್ತಿ ಅಪರಾಧಿ ಎಂಬ ಹಣೆಪಟ್ಟಿ ಹಚ್ಚಬಾರದು ಎಂಬ ನಿಲುವನ್ನು ಪೀಠ ತಳೆಯಿತು.

ಈ ಎರಡು ದಾರಿಗಳನ್ನು ಕೂಡಿಸಿದ್ದು 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳು ಕೊಟ್ಟ ಅವತಾರ್ ಸಿಂಗ್ ಪ್ರಕರಣದ ತೀರ್ಪು. ಅದರ ಸಾರ ಹೀಗಿದೆ. ಫಾರ್ಮಿನಲ್ಲಿ ನಿಜ ಬರೆಯಬೇಕು. ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ ಇಲಾಖೆ ಅದನ್ನು ಮನ್ನಿಸಬಹುದು. ಗಂಭೀರ ಕೇಸನ್ನು ಮುಚ್ಚಿಟ್ಟರೆ ನೇಮಕಾತಿ ರದ್ದು ಮಾಡಬಹುದು. ನಿಜ ಬರೆದರೂ ಇಲಾಖೆ ಹಿನ್ನೆಲೆ ತೂಗಿ ನೋಡಬಹುದು, ನೇಮಿಸಲೇಬೇಕೆಂಬ ಕಟ್ಟುಪಾಡಿಲ್ಲ. ಫಾರ್ಮಿನ ಪ್ರಶ್ನೆ ಅಸ್ಪಷ್ಟವಾಗಿರಬಾರದು. ಸ್ಪಷ್ಟವಾಗಿ ಕೇಳದ ವಿಷಯವನ್ನು ಮುಚ್ಚಿಟ್ಟೆ ಎಂದು ಯಾರನ್ನೂ ದೂಷಿಸುವಂತಿಲ್ಲ.

ಈಗ ನಮ್ಮ ಊರಲ್ಲಿ

ಈಗ ಪರಿಶೀಲನೆ ಸರ್ಕಾರಿ ಕೆಲಸಕ್ಕಷ್ಟೇ ಅಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಂತೆ ಸೆಕ್ಯೂರಿಟಿ ಗಾರ್ಡ್ ಆಗುವವರ ಹಿನ್ನೆಲೆಯನ್ನೂ ನೋಡಬೇಕು. ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗುವವರಿಂದಲೂ ಪೊಲೀಸ್ ಪ್ರಮಾಣಪತ್ರ ಕೇಳುವವರಿದ್ದಾರೆ. ಸೇವಾ ಸಿಂಧುವಿನಲ್ಲಿ ಅದಕ್ಕೆ ಅರ್ಜಿ ಹಾಕಬಹುದು.

ಹಳ್ಳಿಯಲ್ಲಿ ಹೆಚ್ಚು ಜನ ಎಡವುವುದು ‘107 ಕೇಸಿ’ನಲ್ಲಿ. ಜಗಳವಾದಾಗ ಎರಡೂ ಕಡೆಯವರನ್ನು ತಹಶೀಲ್ದಾರರ ಮುಂದೆ ನಿಲ್ಲಿಸಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಅದು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 126ನೇ ಸೆಕ್ಷನ್. ಅದು ಶಿಕ್ಷೆಯಲ್ಲ, ಅಪರಾಧ ಸಾಬೀತಾಯಿತು ಎಂದೂ ಅಲ್ಲ. ಆದರೆ ಫಾರ್ಮು ಮುಚ್ಚಳಿಕೆಯ ಬಗ್ಗೆ ಕೇಳಿದರೆ ಅದನ್ನೂ ಬರೆಯಲೇಬೇಕು.

ಹದಿನೆಂಟು ತುಂಬುವ ಮೊದಲಿನ ತಪ್ಪಿಗೆ ಕಾನೂನು ಬೇರೆ ದಾರಿ ಇಟ್ಟಿದೆ. ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದು ಮುಂದೆ ಅನರ್ಹತೆಯಾಗಬಾರದು. 16 ದಾಟಿ ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ.

ಆದ್ದರಿಂದ ನಮ್ಮ ಓದುಗರಿಗೆ ಹೇಳುವುದಿಷ್ಟು. ಖುಲಾಸೆಯಾದರೆ ತೀರ್ಪಿನ ಪ್ರತಿ, ಪೊಲೀಸರು ಬಿ ರಿಪೋರ್ಟ್ ಹಾಕಿದ್ದರೆ ಅದರ ಪ್ರತಿ, ರಾಜಿಯಾದರೆ ಆ ಆದೇಶ, ಇವನ್ನು ಅಂಕಪಟ್ಟಿಯ ಜೊತೆಗೇ ಜೋಪಾನವಾಗಿಡಿ. ಫಾರ್ಮಿನ ಇಂಗ್ಲಿಷ್ ಅರ್ಥವಾಗದಿದ್ದರೆ ಗೊತ್ತಿದ್ದವರಿಂದ ಕೇಳಿ ತಿಳಿದೇ ಸಹಿ ಹಾಕಿ. ಸೈಬರ್ ಸೆಂಟರ್‌ನವರು ಎಲ್ಲಕ್ಕೂ ‘ಇಲ್ಲ’ ಎಂದು ಒತ್ತಲು ಬಿಡಬೇಡಿ.

ಮಕ್ಕಳಿಗೆ ಪಾಠ ಹೇಳುವವರ, ಬಂದೂಕು ಹಿಡಿಯುವವರ ಹಿಂದನ್ನು ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಏನು ಮಾಡಿದ, ಯಾವಾಗ ಮಾಡಿದ, ಕೋರ್ಟು ಏನು ಹೇಳಿತು ಎಂದು ಕೇಳುವುದು ನ್ಯಾಯ. ಯಾರ ಮಗ, ಯಾವ ಕೇರಿಯವನು ಎಂದು ಕೇಳಿದರೆ ಅದು 1871ರ ಪ್ರಶ್ನೆ. ಆ ಪ್ರಶ್ನೆ ಕೇಳುವ ಹಕ್ಕು ಯಾವ ಕಚೇರಿಗೂ ಉಳಿದಿಲ್ಲ.