ಎಸಿ ಇಲ್ಲದ ಎಕ್ಸ್‌ಚೇಂಜ್

ನಾನು ಕೆಲಸ ಕಲಿತದ್ದು ಹಳೆಯ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಟಕಟ ಎನ್ನುವ ಆ ರಿಲೇಗಳಿಗೆ ಧೂಳೇ ಶತ್ರು; ನಮ್ಮ ಮೈಯ ಸ್ಥಿರವಿದ್ಯುತ್ತಿಗೆಲ್ಲ ಅವು ಜಗ್ಗುತ್ತಿರಲಿಲ್ಲ. ಚಿಪ್‌ಗಳು ಬಂದವು ನೋಡಿ, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಬಿತ್ತು. ‘ಬೇಡಿ ಹಾಕಿದರಪ್ಪ’ ಎಂದು ನಗುತ್ತಿದ್ದೆವು. ಒಮ್ಮೆ ಪಟ್ಟಿಯಿಲ್ಲದೆ ಕಾರ್ಡು ಎಳೆದೆ, ಅದು ಸತ್ತೇ ಹೋಯಿತು. ಆಮೇಲೆ ನಗಲಿಲ್ಲ.

ಬಿಸಿಯದು ಬೇರೆ ಕಥೆ. ದೊಡ್ಡ ಡಿಜಿಟಲ್ ಎಕ್ಸ್‌ಚೇಂಜಿಗೆ ಎಸಿ ಕೋಣೆ ಬೇಕಿತ್ತು. ಹಳ್ಳಿಯಲ್ಲಿ ಆಗ ಕರೆಂಟೇ ನೆಟ್ಟಗಿರಲಿಲ್ಲ. 1984ರಲ್ಲಿ ಹುಟ್ಟಿದ ಟೆಲಿಕಾಂ ಸಂಸ್ಥೆ ಸಿ-ಡಾಟ್, ಕಡಿಮೆ ವಿದ್ಯುತ್ತು ತಿನ್ನುವ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿತು. ಅದಕ್ಕೆ ಎಸಿ ಬೇಡ, ಬಿಸಿಗಾಳಿ ಹೊರಹೋಗಲು ದಾರಿ ಬಿಟ್ಟರೆ ಸಾಕಿತ್ತು. ಆದರೆ ರ‍್ಯಾಕಿನ ಮೇಲೆ ರಿಜಿಸ್ಟರು ಪೇರಿಸಿ ಕಿಂಡಿ ಮುಚ್ಚುವವರನ್ನು ಬೈಯುವುದೇ ನನ್ನ ಅರ್ಧ ಕೆಲಸವಾಗಿತ್ತು! ಅಂಥ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ.